ಸ್ಟೋರ್ಸಿಗೆ ಕೊಟ್ಟ ಡಿಸ್ಕು

3 ಜೂನ್ 2002, ಸೋಮವಾರ

ರಜೆ ಮುಗಿಯಿತು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಹಾರ್ನ್ ಹೊಡೆದಾಗ ಕೂಸು ಇನ್ನೂ ಎದೆ ಬಿಟ್ಟಿರಲಿಲ್ಲ. ಬಿಡಿಸಿ ಅತ್ತೆಯ ಕೈಗೆ ಕೊಟ್ಟು ಓಡಿದೆ. ಕಾರ್ಖಾನೆಯಿರುವ ತಾಂಡ್ಯ ಬರುವವರೆಗೂ ಎರಡು ಕೈಯನ್ನೂ ಮಡಿಲಲ್ಲಿ ಏನೋ ಹಿಡಿದುಕೊಂಡ ಹಾಗೇ ಇಟ್ಟುಕೊಂಡು ಕೂತಿದ್ದೆ. ಪಕ್ಕದವಳು ನೋಡಿ, "ಊಟದ ಡಬ್ಬಿ ಮರೆತು ಬಂದ್ರಾ?" ಅಂದಳು. ನಿಜ, ಅದನ್ನೂ ಮರೆತಿದ್ದೆ.

ಕಂಪ್ಯೂಟರ್ ಕೋಣೆಯಲ್ಲಿ ಅದೇ ಚಳಿ, ಅದೇ ಗುಂಯ್ ಅನ್ನುವ ಸದ್ದು. ನಮ್ಮ ಮೈನ್‌ಫ್ರೇಮಿನ ಪಕ್ಕ ಹೊಸ ಡಿಸ್ಕುಗಳ ಬೀರು ಬಂದು ಕೂತಿದೆ, ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಗಂಗಾಧರಸ್ವಾಮಿ ಸಾರ್ ಕನ್ನಡಕ ಹಣೆಗೆ ಏರಿಸಿಕೊಂಡು, "ಬಂದ್ರಾ ರೋಜಾ? ಈ ಪುಣ್ಯಕಾರ್ಯ ನಿಮಗೇ ಅಂತ ಎತ್ತಿಟ್ಟಿದ್ದೀನಿ ನೋಡಿ" ಅಂದರು. ಹೇಗಿದ್ದೀರಿ ಅಂತ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು, ಅತ್ತುಬಿಡುತ್ತಿದ್ದೆ.

ಊಟದ ಹೊತ್ತಿಗೆ ಮುಂಚೆಯೇ ಮನೆಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಅತ್ತೆ, "ಈಗ್ತಾನೇ ಮಲ್ಗುತ್ತು ಕಣವ್ವ, ನಿನ್ ಪೋನ್ ಸದ್ದಿಗೆ ಎದ್ಬುಡ್ತು" ಅಂದರು. ಹಿಂದೆ ಕೂಸು ಅಳುವುದು ಕೇಳಿಸುತ್ತಿತ್ತು. ಬಾತ್‌ರೂಮಿಗೆ ಹೋಗಿ ಎದೆ ಹಾಲನ್ನು ಬೇಸಿನ್ನಿಗೆ ಹಿಂಡಿ ಬಂದೆ.

4 ಜೂನ್, ಮಂಗಳವಾರ

ನಿನ್ನೆ ರಾತ್ರಿ ತವರಿಗೆ ಅತ್ತುಕೊಂಡು ಫೋನ್ ಮಾಡಿದ್ದೆ, ಇವತ್ತು ಹೆಮ್ಮಿಗೆಯಿಂದ ಅವ್ವನ ಫೋನು. "ಕೂಸನ್ನ ನನ್ ಕೈಗೆ ಕೊಟ್ಬುಡು. ನೀ ನೆಮ್ದಿಯಾಗಿ ಕೆಲ್ಸಕ್ಕೋಗು" ಅಂದಳು. ತಿಂಗಳ ಕೊನೆಯ ಭಾನುವಾರ ಬರುತ್ತಾಳಂತೆ, ನಾನು ಹೂಂ ಅಂದರೆ ಅವತ್ತೇ ಕರೆದುಕೊಂಡು ಹೋಗುತ್ತಾಳಂತೆ. ಆಗ ಭಾನುವಾರಕ್ಕೊಮ್ಮೆ ಮಾತ್ರ ನನ್ನ ಕೂಸಿನ ಮುಖ ನೋಡುವುದು. ಬೇಡ ಅಂದರೆ ಕೆಲಸ ಬಿಡಬೇಕು. ಅದೂ ಬೇಡ ಅಂದರೆ ಅತ್ತೆಯೇ ಗತಿ.

ಇವರು, "ನಮ್ಮವ್ವ ನನ್ನನ್ನ ಸಾಕಿಲ್ವಾ? ನಾನೇನು ಕೆಟ್ಟೋಗಿದ್ದೀನಾ?" ಅಂತ ನಗುತ್ತಾರೆ. ತಿ. ನರಸೀಪುರದ ಹೈಸ್ಕೂಲಿನಲ್ಲಿ ಗುಮಾಸ್ತರು ನಟರಾಜ್ ಸಾಹೇಬರು. ಬೆಳಿಗ್ಗೆ ಹೋದರೆ ಸಂಜೆ ಬರುವವರು. ಅವರಿಗೆ ಎಲ್ಲವೂ ಸುಲಭ.

ನಾಮಕರಣದ ದಿನ ಅತ್ತೆ ಕೂಸಿನ ಬಾಯಿಗೆ ಜೇನು ನೆಕ್ಕಿಸಿದ್ದು ನನ್ನ ಕಣ್ಣಿಂದ ಹೋಗುವುದಿಲ್ಲ. ಡಾಕ್ಟರು ಬೇಡ ಅಂದಿದ್ದರು. ನಾನು ಹೇಳಿಯೂ ಇದ್ದೆ. ಎಲ್ಲರೂ ಅತ್ತ ತಿರುಗಿದ್ದಾಗ ಸೆರಗಿನ ಮರೆಯಲ್ಲಿ ನೆಕ್ಕಿಸಿಬಿಟ್ಟರು. ಈಗ ದಿನಾ ಮನೆಗೆ ಬಂದ ಕೂಡಲೇ ಮುತ್ತು ಕೊಡುವ ನೆಪದಲ್ಲಿ ಕೂಸಿನ ಬಾಯಿ ಮೂಸಿ ನೋಡುತ್ತೇನೆ.

6 ಜೂನ್, ಗುರುವಾರ

ಅತ್ತೆ ಸೊಪ್ಪು ಬಿಡಿಸುತ್ತಾ, "ಅಲ್ಲೇನ್ ಮಾಡ್ತೀಯವ್ವಾ ದಿನಾ? ಟೈಪ್ ಒಡೀತೀಯಾ?" ಅಂತ ಕೇಳಿದರು. ಮದುವೆಯಾಗಿ ಮೂರು ವರ್ಷಕ್ಕೆ ಮೊದಲ ಸಲ ಕೇಳಿದ್ದು.

"ಒಂದು ದೊಡ್ಡ ಯಂತ್ರ ಇದೆ ಅತ್ತೆ. ಅದರೊಳಗೆ ಸುಳ್ಳುಸುಳ್ಳೇ ನಾಲ್ಕು ಯಂತ್ರ ಮಾಡಿದ್ದೀವಿ. ಒಂದು ಸ್ಟೋರ್ಸಿಂದು, ಒಂದು ಸಂಬಳದ್ದು, ಹಂಗೆ. ಒಂದೊಂದಕ್ಕೂ ಇಡೀ ಯಂತ್ರ ತನ್ನದೇ ಅಂತ ಭ್ರಮೆ."

"ಒಂದೇ ಮನೇಲಿದ್ರೂ ಒಬ್ರು ಮಕ ಒಬ್ರು ನೋಡಕ್ಕಿಲ್ಲ ಅನ್ನು."

"ನೋಡಲ್ಲ."

"ಪುಣ್ಯವಂತ್ರು" ಅಂದರು.

ನನಗೂ ನಗು ಬಂತು. ಹೊಸ ಡಿಸ್ಕಿನ ಕೆಲಸವನ್ನೂ ಹೇಳಿದೆ. ಇಲ್ಲಿಯವರೆಗೆ ಸ್ಟೋರ್ಸ್ ಮಷಿನ್ ಏನನ್ನು ಇಡಬೇಕಾದರೂ, ತೆಗೆಯಬೇಕಾದರೂ ದೊಡ್ಡ ಯಂತ್ರದ ಯಜಮಾನನನ್ನು, ನಾವು ಹೋಸ್ಟ್ ಅನ್ನುತ್ತೀವಲ್ಲ, ಅದನ್ನು ಕೇಳಬೇಕಿತ್ತು. ಪ್ರತಿಯೊಂದಕ್ಕೂ ಅದು ನಡುವೆ ಕೈ ಹಾಕುವುದರಿಂದ ತಿಂಗಳ ಕೊನೆಯ ಲೆಕ್ಕ ಮುಗಿಯುವುದೇ ಇಲ್ಲ. ಹೊಸ ಡಿಸ್ಕುಗಳನ್ನು ಇಡಿಯಾಗಿ ಸ್ಟೋರ್ಸಿಗೇ ಕೊಟ್ಟುಬಿಟ್ಟರೆ ಯಜಮಾನ ಮತ್ತೆ ಮುಟ್ಟುವ ಹಾಗಿಲ್ಲ, ನೋಡುವ ಹಾಗೂ ಇಲ್ಲ. ಓದುವುದು ಬರೆಯುವುದು ಎಲ್ಲ ಸ್ಟೋರ್ಸಿನದೇ.

"ಅಷ್ಟೇಯಾ? ಅದಕ್ಕೆ ಬಿಎಸ್ಸಿ ಓದ್ಬೇಕಾ?" ಅಂದರು ಅತ್ತೆ.

9 ಜೂನ್, ಭಾನುವಾರ

ನಿದ್ದೆ ಇಲ್ಲ. ಕೂಸು ಮಲಗಿದರೂ ಇಲ್ಲ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಬೆರಳು ಇಟ್ಟದ್ದಕ್ಕೇ ಅದು ಎದ್ದು ಅಳುತ್ತದೆ.

11 ಜೂನ್, ಮಂಗಳವಾರ

ಇವತ್ತು ಸ್ಟೋರ್ಸಿಗೆ ಹೊಸ ಡಿಸ್ಕು ಕೊಟ್ಟೆ. ಕೊಟ್ಟೆ ಅಂತ ಸಾರ್‌ಗೆ ಹೇಳಿದೆ.

ಸಾರ್ ಹೇಳಿದ ರೀತಿಯಲ್ಲಿ ಕೊಡಲಿಲ್ಲ. ಹೋಸ್ಟಿನಿಂದ ಬಿಡಿಸಿ ನೇರವಾಗಿ ಸೇರಿಸಿ ಅಂದಿದ್ದರು. ಬಿಡಿಸುವ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುವ ಮುಂಚೆ ಕೈ ನಿಂತಿತು. ಇದಾದ ಮೇಲೆ ಒಳಗೆ ಏನು ನಡೆಯುತ್ತಿದೆ ಅಂತ ನನಗೆ ಕಾಣುವುದೇ ಇಲ್ಲ. ಇಡೀ ಕಾರ್ಖಾನೆಯ ಸಾಮಾನಿನ ಲೆಕ್ಕ ಅದರಲ್ಲಿದೆ. ಏನಾದರೂ ಕೆಟ್ಟರೆ? ಅಳಿಸಿ, ಹಳೆಯ ರೀತಿಯಲ್ಲೇ ಹೋಸ್ಟನ್ನು ನಡುವೆ ಇಟ್ಟುಕೊಂಡು ಕೊಟ್ಟೆ. ಓದಲು ಮಾತ್ರ ನನ್ನ ಮಷಿನ್‌ಗೂ, ಆ ನಾಲ್ಕರಲ್ಲಿ ಒಂದು ನನ್ನದೇ, ಒಂದು ದಾರಿ ಇಟ್ಟುಕೊಂಡೆ. ಬರೆಯುವುದು ಸ್ಟೋರ್ಸು, ನಾನು ಬರೀ ನೋಡುವುದು. ಓದಿದರೆ ಯಾರಿಗೇನು ನಷ್ಟ?

ಬೆಟ್ಟಸ್ವಾಮಿ, ನಮ್ಮ ಆಪರೇಟರು, ಟೇಪು ಬದಲಾಯಿಸುತ್ತಾ, "ಮೇಡಂ, ಹೊಸಾ ಬೀರು ಬಂದ್ರೂ ಯಂತ್ರ ಎಮ್ಮೆ ಥರಾನೇ ನಡೀತಾ ಅದೆ" ಅಂದ. ಸರಿಹೋಗುತ್ತೆ ಇರಿ ಅಂದೆ.

14 ಜೂನ್, ಶುಕ್ರವಾರ

ಗಂಟೆಗೊಂದು ಸಲ ಸ್ಟೋರ್ಸಿನ ಡಿಸ್ಕು ನೋಡುತ್ತೇನೆ. ಸರಿಯಾಗಿಯೇ ಇದೆ. ಅದಾದ ಮೇಲೆ ಮನೆಗೆ ಫೋನು. ಅಲ್ಲೂ ಸರಿಯಾಗಿಯೇ ಇದೆ ಅನ್ನುತ್ತಾರೆ.

ಮನೆಯಲ್ಲಿ ಹಾಲಿನ ಪುಡಿಯ ಡಬ್ಬಿಯ ಒಳಗೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಹಾಕಿ ಹೋಗುತ್ತಿದ್ದೆ, ಎಷ್ಟು ಖರ್ಚಾಯಿತು, ಎಷ್ಟು ಕುಡಿಯಿತು ತಿಳಿಯಲಿ ಅಂತ. ಇವತ್ತು ಅತ್ತೆ ಆ ಡಬ್ಬಿ ತಂದು ನನ್ನ ಮುಂದೆ ಇಟ್ಟರು.

"ಇದೇನವ್ವಾ ಗೆರೆ?"

"ಕಂಪನಿಯವರೇ ಹಾಕಿರ್ತಾರೆ ಅತ್ತೆ."

"ಓ. ಕಂಪ್ನಿಯೋರು ದಿನಾ ಬಂದು ಒಂದೊಂದ್ ಗೆರೆ ಆಕ್ಬುಟ್ಟು ಓಯ್ತಾರಾ?"

ಡಬ್ಬಿ ತೆಗೆದು ಮೇಲಿನ ಗೂಡಿನಲ್ಲಿಟ್ಟೆ. ಊಟ ಬಡಿಸುವಾಗ ನನ್ನ ತಟ್ಟೆಗೆ ಎರಡನೇ ಸಲ ಸಾರು ಹಾಕಲಿಲ್ಲ. ಬೇಕಾ ಅಂತಲೂ ಕೇಳಲಿಲ್ಲ.

19 ಜೂನ್, ಬುಧವಾರ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಸಾರ್ ಮೈಸೂರಿಗೆ ಹೋಗಿದ್ದರು. ಮಧ್ಯಾಹ್ನ ಎಂದಿನ ಹಾಗೆ ಸ್ಟೋರ್ಸಿನ ಡಿಸ್ಕು ನೋಡಿದೆ. ಬೆಳಗಿನಿಂದ ಬಂದ ಸಾಮಾನು ಒಂದೂ ಇಲ್ಲ. ಕೆಲವು ಕಡತ ತೆರೆದರೆ ಅರ್ಧಕ್ಕೇ ಕಡಿದುಹೋಗಿವೆ. ಇನ್ನು ಕೆಲವು ತೆರೆಯುವುದೇ ಇಲ್ಲ. ಹೊಸ ಡಿಸ್ಕು ಕೆಟ್ಟಿತು, ನಾನೇ ಕೆಡಿಸಿದೆ ಅಂದುಕೊಂಡೆ. ಬೆಟ್ಟಸ್ವಾಮಿ, "ಒಂದ್ ಮಾತು ಸ್ಟೋರ್ಸಿಗೆ ಕೇಳೋಣ್ವಾ ಮೇಡಂ?" ಅಂದ. ಕೇಳುವುದಕ್ಕೇನಿದೆ, ಕಣ್ಣಿಗೆ ಕಾಣುತ್ತಿದೆಯಲ್ಲ ಅಂದೆ. ಸ್ಟೋರ್ಸ್ ಮಷಿನ್ ನಿಲ್ಲಿಸಿ, ಹಿಂದಿನ ರಾತ್ರಿ ನಕಲು ಇಳಿಸಿಟ್ಟಿದ್ದ ಟೇಪು ಹಾಕಿಸಿ, ಡಿಸ್ಕಿನ ಮೇಲೆ ಪೂರ್ತಿ ಬರೆಸಿದೆ.

ಮುಗಿಯುವಷ್ಟರಲ್ಲಿ ಸ್ಟೋರ್ಸಿನ ಪುಟ್ಟಬಸವಯ್ಯನವರು ಬಾಗಿಲಲ್ಲಿ ನಿಂತಿದ್ದರು. "ಏನ್ ಮೇಡಂ, ಬೆಳಗಿಂದ ಬಂದ ಲಾರಿನೆಲ್ಲಾ ವಾಪಸ್ ಕಳಿಸ್ಬುಟ್ರಲ್ಲ? ಈಗ್ತಾನೇ ಎಲ್ಲಾ ಇತ್ತು."

ಎಲ್ಲಾ ಇತ್ತು. ಅವರ ಮಷಿನ್‌ನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಡಿಸ್ಕಿಗೆ ಏನೂ ಆಗಿರಲಿಲ್ಲ. ನನ್ನ ಮಷಿನ್ ಬೆಳಿಗ್ಗೆ ಒಂದು ಸಲ ನೋಡಿಕೊಂಡದ್ದನ್ನೇ ನೆನಪಿನಲ್ಲಿ ಇಟ್ಟುಕೊಂಡಿತ್ತು. ಆಮೇಲೆ ಸ್ಟೋರ್ಸು ಒಳಗೆ ಏನೆಲ್ಲ ಅತ್ತಿತ್ತ ಮಾಡಿತೋ ಅದಕ್ಕೆ ತಿಳಿಯದು. ಹಳೆಯ ನೆನಪು ಹಿಡಿದು ಹೊಸ ಜಾಗದಲ್ಲಿ ಹುಡುಕಿದರೆ ಅರ್ಧಂಬರ್ಧವೇ ಕಾಣುವುದು. ಇಷ್ಟು ದಿನ ಹಳೆಯ ಕಡತಗಳನ್ನಷ್ಟೇ ತೆರೆದು ನೋಡಿ ಸರಿಯಾಗಿದೆ ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಓದಿದ್ದೆ ಇದನ್ನು. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಸಂಜೆ ಸಾರ್ ಬಂದು ಕೂತು ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನೇರ ಕೊಟ್ಟಿದ್ದೀನಿ ಅಂದ್ರಲ್ಲ ರೋಜಾ?"

"ಒಂದು ಕಣ್ಣು ಇರಲಿ ಅಂತ ಸಾರ್."

"ಒಬ್ಬರು ಬರೀತಾ ಇರೋದನ್ನ ಪಕ್ಕದಿಂದ ಇಣುಕಿ ನೋಡಿದ್ರೆ ಕಣ್ಣಿಗೆ ಬೀಳೋದು ತಪ್ಪೇ. ಈ ಭಾನುವಾರ ಎಲ್ಲಾ ನಿಲ್ಲಿಸ್ತೀನಿ. ನೀವೇ ಬಂದು ಸರಿಯಾಗಿ ಕೊಡಿ." ಕನ್ನಡಕ ಮತ್ತೆ ಹಾಕಿಕೊಂಡು, "ನಿದ್ದೆ ಮಾಡ್ತಿದ್ದೀರಾ ಮನೇಲಿ?" ಅಂದರು.

ಸ್ಟೋರ್ಸಿನವರ ಜೊತೆ ಕೂತು ದಿನದ ರಸೀತಿಗಳನ್ನೆಲ್ಲ ಮತ್ತೆ ಹಾಕಿಸಿದೆ. ಮನೆಗೆ ಫೋನ್ ಮಾಡಲು ನೆನಪಾಗಲಿಲ್ಲ. ಬಂದಾಗ ಕತ್ತಲಾಗಿತ್ತು. ಕೂಸು ಮಲಗಿತ್ತು. ಬಾಯಿ ಮೂಸಿದೆ. ಏನೋ ಸಿಹಿ ವಾಸನೆ. ಜೇನು ಅಂದುಕೊಂಡೆ. ಅತ್ತೆಯನ್ನು ಏನೇನು ಅಂದೆನೋ ಬರೆಯಲಾರೆ.

20 ಜೂನ್, ಗುರುವಾರ

ಅದು ಜ್ವರದ ಸಿರಪ್ಪು.

ನಿನ್ನೆ ಮಧ್ಯಾಹ್ನ ಮೈ ಬಿಸಿಯಾಯಿತಂತೆ. ಅತ್ತೆ ಆಟೋ ಮಾಡಿಕೊಂಡು ಡಾಕ್ಟರ ಹತ್ತಿರ ಹೋಗಿ, ತೋರಿಸಿ, ಔಷಧಿ ತಂದು, ಒದ್ದೆ ಬಟ್ಟೆ ಹಾಕಿ ಜ್ವರ ಇಳಿಸಿದ್ದಾರೆ. ಯಾಕೆ ಫೋನ್ ಮಾಡಲಿಲ್ಲ ಅಂತ ನಾನು ಕೂಗಾಡಿದ್ದೆ. ಇವತ್ತು ಬೆಳಿಗ್ಗೆ, ಇವರು ಸ್ನಾನಕ್ಕೆ ಹೋದಾಗ, ಅತ್ತೆ ಉತ್ತರ ಕೊಟ್ಟರು. ಕೂಗಲಿಲ್ಲ. ಕೂಸಿಗೆ ಒಲೆಯ ಮೇಲಿಟ್ಟ ರಾಗಿ ಸರಿ ತಿರುವುತ್ತಾ ಹೇಳಿದರು.

"ಮಾಡುದ್ರೆ ನೀ ಏನ್ ಮಾಡ್ತಿದ್ದೆ? ಅಲ್ಲೇ ಒದ್ದಾಡ್ತಿದ್ದೆ. ಇಲ್ಲಿ ಕೂಸು ನೋಡ್ಲಾ, ನಿನ್ನ ಸಮಾದಾನ ಮಾಡ್ಲಾ ನಾನು?"

ಪಾತ್ರೆ ಇಳಿಸಿ ಮತ್ತೆ ಹೇಳಿದರು.

"ಬಾಣಂತನ ಮುಗ್ಸಿ ಕರ್ಕಂಡ್ ಬಂದಾಗ ನಿಮ್ಮವ್ವ ಒಸ್ಲಲ್ಲಿ ಕೂಸನ್ನ ನನ್ ಮಡ್ಲಿಗಾಕುದ್ಲು. ನಾನು ಒಸ್ಲು ದಾಟೋ ಗಂಟಾ ತಡೀನಿಲ್ಲ ನೀನು, ಎತ್ಕಂಬುಟ್ಟೆ. ಜನ ಎಲ್ಲಾ ನೋಡ್ತಿದ್ರು. ಅವತ್ತಿಂದ್ಲೂ ಇವತ್ತಿನ ಗಂಟ ನನ್ ಕೈಗೆ ನೀ ಕೂಸ ಕೊಟ್ಟೇ ಇಲ್ಲ ಕಣವ್ವ. ನನ್ ಸೊಂಟದ ಮ್ಯಾಲೆ ಇರ್ತದೆ, ನಿನ್ ಕೈಲಿ ಇರ್ತದೆ. ಅರ್ದ ಕೊಟ್ರೆ ಸಾಕಕ್ಕಾಗಕ್ಕಿಲ್ಲ. ಕೊಟ್ರೆ ಪೂರ್ತಿ ಕೊಡು. ಇಲ್ಲಾಂದ್ರೆ ತಿಂಗ್ಳ ಕೊನೇ ಬಾನ್ವಾರ ನಿಮ್ಮವ್ವ ಬತ್ತಾಳಲ್ಲ, ಅವ್ಳ ಜೊತೇಲೇ ಕಳ್ಸು. ನಾ ಬೇಜಾರ್ ಮಾಡ್ಕಳಕ್ಕಿಲ್ಲ."

ಬೇಜಾರು ಮಾಡಿಕೊಳ್ಳುವುದಿಲ್ಲ ಅಂದಾಗ ದನಿ ಒಂಥರಾ ಇತ್ತು. ಬಸ್ಸು ಹಾರ್ನ್ ಹೊಡೆಯಿತು. ಹೋದೆ.

21 ಜೂನ್, ಶುಕ್ರವಾರ

ಸಂಜೆ ಬರುವಾಗ ಜಗಲಿಯ ಮೇಲೆ ರುದ್ರಾಣಿ ಅಂತ ಒಬ್ಬರು ಕೂತಿದ್ದರು. ಬದನವಾಳಿನ ಖಾದಿ ಕೇಂದ್ರದಲ್ಲಿ ಅತ್ತೆಯ ಪಕ್ಕದ ರಾಟೆಯವರಂತೆ. ಅತ್ತೆ ಅಲ್ಲಿ ನೂಲುತ್ತಿದ್ದದ್ದು ಗೊತ್ತಿತ್ತು. ವಯಸ್ಸಾಯಿತು ಅಂತ ಬಿಟ್ಟರು ಅಂದುಕೊಂಡಿದ್ದೆ.

"ನಿಮ್ಮತ್ತೆ ಗೋವಿಂದಮ್ಮ ಇಲ್ದೆ ಆ ಸಾಲೇ ಬಿಕೋ ಅಂತದೆ ಕಣವ್ವ. ನಿನ್ ಕೂಸಿಗೋಸ್ಕರ ರಾಟೆನೇ ಬುಟ್ಟು ಬಂದ್ಲು. ಎಲ್ಡು ವರ್ಸ ಆಗ್ಲಿ, ಕೂಸು ನಡ್ಯಂಗಾಗ್ಲಿ, ಆಮೇಕ್ ಬತ್ತೀನಿ ಅಂದವ್ಳೆ" ಅಂದರು.

ಅತ್ತೆ ಒಳಗಿನಿಂದ, "ಸುಮ್ನೆ ಕಾಪಿ ಕುಡಿಯಮ್ಮಿ, ಎಲ್ಲಾರ್ಗೂ ಊದ್ಬೇಡ" ಅಂತ ಗದರಿದರು.

ರಾತ್ರಿ ಇವರನ್ನು ಕೇಳಿದರೆ, "ಹೌದು, ನಿಂಗೆ ಗೊತ್ತಿರ್ಲಿಲ್ವಾ?" ಅಂದರು.

23 ಜೂನ್, ಭಾನುವಾರ

ಕಾರ್ಖಾನೆಗೆ ರಜಾ. ಸಾರ್, ಬೆಟ್ಟಸ್ವಾಮಿ, ನಾನು. ಸ್ಟೋರ್ಸಿನಿಂದ ಪುಟ್ಟಬಸವಯ್ಯನವರು ಬುತ್ತಿ ಕಟ್ಟಿಸಿಕೊಂಡು ಬಂದಿದ್ದರು.

ಮೊದಲು ನನ್ನ ಮಷಿನ್‌ನ ದಾರಿ ಮುಚ್ಚಿದೆ. ಸ್ಟೋರ್ಸ್ ಮಷಿನ್‌ನ ವಿವರದಲ್ಲಿ ಹಳೆಯ ಸಾಲು ತೆಗೆದು, ಈ ಡಿಸ್ಕು ಇದಕ್ಕೇ ಮೀಸಲು ಅನ್ನುವ ಸಾಲು ಹಾಕಿದೆ, ಒಂದೊಂದು ಡಿಸ್ಕಿಗೂ ಒಂದೊಂದು ಸಾಲು. ಆಮೇಲೆ ಹೋಸ್ಟಿನಿಂದ ಬಿಡಿಸುವುದು. ಎಂಟರ್ ಒತ್ತುವ ಮುಂಚೆ ಸಾರ್ ಮುಖ ನೋಡಿದೆ. ಅವರು ಪತ್ರಿಕೆ ಓದುತ್ತಿದ್ದರು, ಬೇಕೆಂದೇ ಇರಬೇಕು. ಒತ್ತಿದೆ. ಬಿಟ್ಟುಕೊಟ್ಟೆ ಅನ್ನುವ ಒಂದು ಸಾಲು ಬಂತು ತೆರೆಯ ಮೇಲೆ, ಅಷ್ಟೇ. ದೊಡ್ಡದೇನೋ ಆಗುತ್ತದೆ ಅಂತ ಕಾದಿದ್ದೆ.

ಸ್ಟೋರ್ಸ್ ಮಷಿನ್ ಎದ್ದಿತು. ಅಭ್ಯಾಸಕ್ಕೆ ನನ್ನ ಕಡೆಯಿಂದ ಓದಲು ಹೋದೆ. ನಿನ್ನದಲ್ಲ ಅಂದಿತು. ಏನು ಮಾಡುವುದು ತಿಳಿಯದೆ ಕೈ ಕಟ್ಟಿ ಕೂತೆ. ಒಳಗೆ ಏನಾಗುತ್ತಿದೆಯೋ.

"ಸ್ಟೋರ್ಸಿನವರನ್ನೇ ಕೇಳಿ" ಅಂದರು ಸಾರ್, ಪತ್ರಿಕೆ ಇಳಿಸದೆ.

ಪುಟ್ಟಬಸವಯ್ಯನವರು ತಮ್ಮ ಟರ್ಮಿನಲ್ ಮುಂದೆ ಕೂತು ಒಂದೊಂದೇ ತೆರೆದು ನೋಡಿದರು. ಬೋಲ್ಟು, ಬೇರಿಂಗು, ಗ್ರೀಸಿನ ಡ್ರಮ್ಮು. ಅವರ ಬೆರಳು ನಿಧಾನ. ನಾನು ಹಿಂದೆ ನಿಂತು ಉಗುರು ಕಚ್ಚುತ್ತಿದ್ದೆ. ಕೊನೆಗೆ ತಿರುಗಿ, "ಎಲ್ಲಾ ಅದೆ ಮೇಡಂ. ಕುದುರೆ ಓಡ್ದಂಗ್ ಓಡ್ತದೆ ಈಗ. ಬನ್ನಿ, ಊಟ ಮಾಡಾನ" ಅಂದರು. ಅವರ ಮನೆಯ ಹುರುಳಿ ಕಾಳಿನ ಹುಳಿ ಎರಡು ಸಲ ಹಾಕಿಸಿಕೊಂಡೆ.

26 ಜೂನ್, ಬುಧವಾರ

ತಿಂಗಳ ಲೆಕ್ಕ ಶುರುವಾಗಿದೆ. ಕೆಲಸ ತುಂಬ. ಕೂಸಿಗೆ ಜ್ವರ ಇಲ್ಲ. ಹಾಲಿನ ಪುಡಿಯ ಹೊಸ ಡಬ್ಬಿ ಒಡೆದಿದ್ದಾರೆ.

ಅವ್ವ ಫೋನ್ ಮಾಡಿ ಭಾನುವಾರ ಬೆಳಗಿನ ಬಸ್ಸಿಗೇ ಬರುತ್ತೀನಿ, ತೊಟ್ಟಿಲು ಕಟ್ಟಿಸಿಟ್ಟಿದ್ದೀನಿ ಅಂದಳು. ನಾನು ಹೂಂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅತ್ತೆ ಪಕ್ಕದಲ್ಲೇ ಕೂಸಿನ ಬಟ್ಟೆ ಮಡಚುತ್ತಿದ್ದರು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದರು.

28 ಜೂನ್, ಶುಕ್ರವಾರ

ನಿನ್ನೆ ಬರೆಯಲಿಲ್ಲ. ಬರೆಯೋಣ ಅಂತ ದಿಂಬಿಗೆ ಒರಗಿದ್ದಷ್ಟೇ ನೆನಪು.

30 ಜೂನ್, ಭಾನುವಾರ

ಅವ್ವ ಬಂದಳು. ಹೆಮ್ಮಿಗೆಯಿಂದ ನರಸೀಪುರ, ಅಲ್ಲಿಂದ ಇಲ್ಲಿಗೆ, ಎರಡು ಬಸ್ಸು ಹತ್ತಿ ಇಳಿದು ಸುಸ್ತಾಗಿದ್ದಳು. ನೀರು ಕುಡಿದವಳೇ, "ಕೂಸಿನ ಬಟ್ಟೆಬರೆ ಕಟ್ಟಿದ್ದೀಯಾ?" ಅಂದಳು.

"ಕಟ್ಟಿಲ್ಲ."

"ಯಾಕೆ? ಸಂಜೆ ಬಸ್ಸಿಗೆ ಒಂಟೋಗ್ಬೇಕಲ್ಲ."

"ಇಲ್ಲೇ ಇರ್ಲಿ ಅವ್ವ."

ಅವ್ವ ಸೆರಗಿನಲ್ಲಿ ಕತ್ತು ಒರೆಸಿಕೊಂಡಳು. ಹಿತ್ತಿಲ ಬಚ್ಚಲಲ್ಲಿ ಅತ್ತೆ ಕಾಲು ಚಾಚಿಕೊಂಡು ಕೂಸಿಗೆ ನೀರು ಹಾಕುತ್ತಿದ್ದರು. ನೀರಿನ ಸದ್ದು ನಿಂತಿತು.

"ಅಲ್ಲ ಕಣೇ, ನೀನೇ ತಾನೇ ಅತ್ಕಂಡು ಪೋನ್ ಮಾಡಿದ್ದು? ಇಲ್ಲಿ ಸರಿಯಾಗ್ ನೋಡ್ಕತಾವ್ರಾ? ಅಗಲೊತ್ತು ಎಷ್ಟ್ ಸಲ ಆಲು ಕುಡೀತದೆ? ರಾಗಿ ಸರಿ ತಿಂತದಾ? ಯಾವಾಗ ಮಲಗ್ತದೆ?"

"ಹಗಲಿಂದು ನಂಗೊತ್ತಿಲ್ಲವ್ವ. ಅವರನ್ನೇ ಕೇಳು."

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹಿತ್ತಿಲಿಗೆ ಹೋದಳು. ನೀರಿನ ಸದ್ದು ಮತ್ತೆ ಶುರುವಾಯಿತು. ಮೊದಲು ಅವ್ವನ ದನಿ ಜೋರಾಗಿತ್ತು, ಆಮೇಲೆ ಅತ್ತೆಯದು. ಸ್ವಲ್ಪ ಹೊತ್ತಿಗೆ ಇಬ್ಬರದೂ ಒಟ್ಟಿಗೆ, ಮಧ್ಯೆ ಕೂಸಿನ ಕೇಕೆ. ಏನು ಮಾತಾಡಿದರೋ. ನಾನು ಒಳಗೆ ಈರುಳ್ಳಿ ಹೆಚ್ಚುತ್ತಿದ್ದೆ.

ಅವ್ವ ಸಂಜೆ ಬಸ್ಸಿಗೆ ಬರಿಗೈಯಲ್ಲಿ ಹೊರಟಳು. ಸ್ವಲ್ಪ ಕೋಪ ಇತ್ತು, "ತೊಟ್ಲು ಸುಮ್ನೆ ಕಟ್ಸಿದ್ದಾಯ್ತು" ಅಂದಳು. ಪಾಪ. ಇವರು ಬಸ್ಸು ಹತ್ತಿಸಿ ಬಂದರು.

ಅತ್ತೆ ನಾಳೆ ಕೂಸನ್ನು ಎತ್ತಿಕೊಂಡು ಬದನವಾಳಿಗೆ ಹೋಗಿ ಸಂಜೆಗೆ ಬರುತ್ತಾರಂತೆ, ಖಾದಿ ಕೇಂದ್ರದವರೆಲ್ಲ ನೋಡಬೇಕು ಅಂದಿದ್ದಾರಂತೆ. ಯಾವ ಬಸ್ಸಿಗೆ, ಎಷ್ಟು ಹೊತ್ತಿಗೆ ವಾಪಸ್ಸು, ಕೇಳಬೇಕಿತ್ತು. ಈಗ ಇಬ್ಬರೂ ಮಲಗಿದ್ದಾರೆ. ನನಗೂ ಕಣ್ಣು ಎಳೆಯುತ್ತಿದೆ.